ಟೇಪ್ ಹಿಡಿಯುವ ಮೊದಲು ಚಪ್ಪಲಿ ಬಿಡಿ: ಹಳೆಯ ಮನೆ ಅಳೆದು ಬರೆದಿಡುವ ಬಗೆ

ನಾನು 31 ವರ್ಷ ಕೊಡಗಿನಲ್ಲಿ ಭೂಮಾಪಕನಾಗಿದ್ದೆ. ಗದ್ದೆ, ಬಾಣೆ, ತೋಟ, ಪೈಸಾರಿ ಎಲ್ಲ ಅಳೆದಿದ್ದೇನೆ. ಅಷ್ಟೂ ವರ್ಷ ಮನೆ ಅನ್ನುವುದು ನನ್ನ ನಕ್ಷೆಯಲ್ಲಿ ಒಂದು ಪುಟ್ಟ ಚೌಕ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದವಲ್ಲ, ಆಗ ಮಕ್ಕಂದೂರು ಕಡೆಯ ಒಂದು ಹಳೆಯ ಮನೆಯೂ ಮಣ್ಣಿನಡಿ ಹೋಯಿತು. ಮನೆಯವರು ಉಳಿದರು. ಕೆಲವು ತಿಂಗಳ ನಂತರ ಆ ಮನೆಯ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. "ನಮ್ಮ ಜಾಗ ಅಳೆದದ್ದು ನೀವೇ ಅಲ್ವಾ? ಮನೆಯದ್ದೇನಾದರೂ ನಕ್ಷೆ ಇದೆಯಾ?" ಅಂದರು. ಹಳೆಯ ಸ್ಕೆಚ್ಚಿನ ಪ್ರತಿ ತೆಗೆದು ತೋರಿಸಿದೆ. ಕಾಲು ಇಂಚಿನ ಚೌಕ. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿ ಎದ್ದು ಹೋದರು.

ಆಮೇಲೆ ನಾನು ಮನೆ ಅಳೆಯಲು ಶುರು ಮಾಡಿದೆ. ಐನ್‌ಮನೆಗಳು (ಒಂದು ಒಕ್ಕಕ್ಕೆ, ಅಂದರೆ ಒಂದೇ ಮೂಲದ ಕುಟುಂಬಗಳಿಗೆಲ್ಲ ಸೇರಿದ ಮೂಲಮನೆಗಳು), ಹಳೆಯ ಬಂಗಲೆಗಳು, ಒಂದೆರಡು ಶಾಲೆಗಳು. ನಾನು ಆರ್ಕಿಟೆಕ್ಟ್ ಅಲ್ಲ. ಮಾಡಿದ ತಪ್ಪುಗಳಿಂದಲೇ ಜಾಸ್ತಿ ಕಲಿತದ್ದು. ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನು ನೀವೇ ಅಳೆದು ಬರೆದಿಡಬೇಕು ಅನ್ನಿಸಿದ್ದರೆ ಹೀಗೆ ಮಾಡಿ.

ಮೊದಲು ಪೆನ್ನಿನ ವಿಷಯ

ಟೇಪಿಗಿಂತ ಮೊದಲು ಒಂದು ಕಪ್ಪು ಪೆನ್ನು, ಒಂದು ಪೆನ್ಸಿಲ್ ತಗೊಳ್ಳಿ. ಕಣ್ಣಾರೆ ಕಂಡದ್ದು, ಕೈಯಾರೆ ಅಳೆದದ್ದು ಕಪ್ಪು ಪೆನ್ನಿನಲ್ಲಿ. ಯಾರೋ ಹೇಳಿದ್ದು, ನೀವು ಊಹಿಸಿದ್ದು ಪೆನ್ಸಿಲ್‌ನಲ್ಲಿ, ಪಕ್ಕದಲ್ಲಿ ಹೇಳಿದವರು ಯಾರು ಅಂತ.

ಈ ನಿಯಮ ನನಗೆ ಒಂದು ಹೆಂಚು ಕಲಿಸಿತು. ನಾಪೋಕ್ಲು ಕಡೆಯ ಒಂದು ಐನ್‌ಮನೆ, ಒಕ್ಕದ ಹೆಸರು ಬೇಡ. ಮಾಡಿನಿಂದ ಇಳಿಸಿಟ್ಟಿದ್ದ ಹಳೆಯ ಹೆಂಚಿನ ಹಿಂದೆ ಬಾಸೆಲ್ ಮಿಷನ್ ಮಂಗಳೂರು ಅಂತ ಅಚ್ಚು, ಜೊತೆಗೆ 1865 ಅಂತ ಇಸವಿ. ಖುಷಿಯಾಗಿ "1865ರಲ್ಲಿ ಹೆಂಚು ಹೊದಿಸಿದ ಮನೆ" ಅಂತ ಬರೆದುಬಿಟ್ಟೆ. ಅದು ಆ ಕುಟುಂಬದ ಸ್ಮರಣ ಸಂಚಿಕೆಗೂ ಹೋಯಿತು. ಮತ್ತೆ ತಿಳಿಯಿತು, 1865 ಅನ್ನುವುದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ಇಸವಿ. ಅದನ್ನೇ ವರ್ಷಗಟ್ಟಲೆ ಹೆಂಚಿಗೆ ಒತ್ತುತ್ತಿದ್ದರು. ನಾನು ಬರೆಯಬೇಕಾಗಿದ್ದದ್ದು ಇಷ್ಟೇ: "ಹೆಂಚಿನ ಅಚ್ಚಿನಲ್ಲಿ 1865 ಅಂತ ಇದೆ." ಮಾಡಿಗೆ ಅದು ಯಾವಾಗ ಏರಿತು ಅನ್ನುವುದು ಪೆನ್ಸಿಲ್‌ನ ಮಾತು. ಹಾಗಂತ ಅಚ್ಚು ಕೆಲಸಕ್ಕೆ ಬಾರದ್ದಲ್ಲ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಆ ಹೆಸರಿನ ಹೆಂಚಿದ್ದರೆ ಅದು ಯುದ್ಧದ ನಂತರದ್ದು ಅಂತ ಧೈರ್ಯವಾಗಿ ಹೇಳಬಹುದು. ಆ ಹೆಂಚಿನ ವಯಸ್ಸು ಮಾತ್ರ, ಅದರ ಕೆಳಗಿನ ಗೋಡೆಯದ್ದಲ್ಲ. ಹೆಂಚು ಬರುವ ಮೊದಲು ಇಲ್ಲಿ ಹುಲ್ಲಿನ ಮಾಡೇ ಇದ್ದದ್ದು.

ಮನೆಯವರನ್ನು ಕೇಳುವುದು

ನಾನು ಟೇಪ್ ತೆಗೆದ ಕೂಡಲೇ ಜನರ ಮುಖ ಬದಲಾಗುತ್ತದೆ. ಕೊಡಗಿನಲ್ಲಿ ಅಳತೆ ಅಂದರೆ ತಕರಾರು ಅಂತಲೇ ಅರ್ಥ. ಐನ್‌ಮನೆ ಒಬ್ಬರ ಸ್ವತ್ತಲ್ಲ, ಇಡೀ ಒಕ್ಕದ್ದು. ಇವತ್ತು ಅಳೆದು ನಾಳೆ ಪಾಲು ಕೇಳುತ್ತಾರಾ, ಸರ್ಕಾರ ಬರುತ್ತದಾ ಅನ್ನುವ ಅನುಮಾನ ಸಹಜ. ಹಾಗಾಗಿ ಮೊದಲ ದಿನ ಟೇಪ್ ಜೀಪಿನಲ್ಲೇ ಇರಲಿ. ಒಕ್ಕದ ಯಜಮಾನರಾದ ಪಟ್ಟೆದಾರರನ್ನು ಕಂಡು ಮಾತಾಡಿ. ಮನೆಯಲ್ಲಿ ವಾಸ ಇರುವವರ ಒಪ್ಪಿಗೆ ಮಾತ್ರ ಸಾಲದು. ಬೆಂಗಳೂರಿನಲ್ಲಿರುವ ಒಬ್ಬ ತಮ್ಮ ಫೋನ್ ಮಾಡಿ ಗಲಾಟೆ ಎಬ್ಬಿಸಿದರೆ ಕೆಲಸ ಅಲ್ಲಿಗೇ ನಿಂತಿತು. ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಏನು ಅಳೆಯುತ್ತೀರಿ, ಯಾರಿಗೆ ಕೊಡುತ್ತೀರಿ, ಏನನ್ನು ಹೊರಗೆ ತೋರಿಸುವುದಿಲ್ಲ ಅನ್ನುವ ಮೂರು ಮಾತು ಅದರಲ್ಲಿರಲಿ.

ಕೈಯಾಲೆಗೆ, ಅಂದರೆ ಮುಂದಿನ ಜಗಲಿಗೆ, ಹತ್ತುವ ಮೊದಲು ಚಪ್ಪಲಿ ಬಿಡಿ. ಅಲ್ಲಿನ ಕಂಬಗಳ ನಡುವಿನ ಮರದ ಹಲಗೆ ಐಮರ, ಅದರ ಮೇಲೆ ಹೋಗಿ ಧೊಪ್ಪನೆ ಕೂರಬೇಡಿ, ಅದು ಹಿರಿಯರ ಜಾಗ, ಅವರು ಹೇಳಿದರೆ ಕೂರಿ. ಒಳಗಿನ ನಡುಮನೆ, ಅಂದರೆ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಇರುತ್ತದೆ, ಅದರಡಿ ಸ್ಟೂಲ್ ಇಟ್ಟು ಹತ್ತುವುದು, ದೀಪ ಸರಿಸುವುದು ಬೇಡ. ಪೂಜೆಯ ಕೋಣೆ ಕನ್ನಿಕೊಂಬರೆಯ ಒಳಗೆ ಬರಬಾರದು ಅಂದರೆ ವಾದ ಮಾಡಬೇಡಿ. ಹೊಸ್ತಿಲಿನಾಚೆ ನಿಂತು ಲೇಸರ್ ಹಾಯಿಸಿದರೆ ಉದ್ದ, ಅಗಲ, ಎತ್ತರ ಸಿಗುತ್ತದೆ. ಇಲ್ಲವೇ ಟೇಪಿನ ತುದಿಯನ್ನು ಮನೆಯವರ ಕೈಗೇ ಕೊಡಿ. ಹಿರಿಯರ ಗುಡಿ ಕೈಮಡಕ್ಕೂ ಇದೇ ಮಾತು.

ಯಾವಾಗ ಹೋಗಬೇಕು? ಸುಗ್ಗಿಯ ಹಬ್ಬ ಪುತ್ತರಿ ಮುಗಿದ ಮೇಲೆ ಆಕಾಶ ಚೊಕ್ಕಟವಾಗಿರುತ್ತದೆ, ಆದರೆ ಆಗ ಕಾಫಿ ಕುಯ್ಲು. ಯಾರಿಗೂ ನಿಮ್ಮ ಜೊತೆ ಟೇಪ್ ಹಿಡಿಯಲು ಪುರುಸೊತ್ತಿಲ್ಲ. ರೋಬಸ್ಟಾ ಮುಗಿಯುತ್ತಾ ಬರುವ ಮಾರ್ಚ್ ಒಳ್ಳೆಯದು. ಅಳತೆಗೆ ಅದು. ಇನ್ನೊಂದು ಸಲ ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮಳೆಯಲ್ಲೂ ಹೋಗಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮೊದಲು ಪಹಣಿ, ಸರ್ವೆ ನಂಬರ್, ಗ್ರಾಮ ನಕ್ಷೆ ನೋಡಿಕೊಳ್ಳಿ. ಒಂದೇ ಹೆಸರಿನ ಎರಡು ಊರು ನಮ್ಮಲ್ಲಿ ಇವೆ. ಫೋನಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶವನ್ನು ದಶಮಾಂಶದ ನಂತರ ಐದು ಅಂಕಿವರೆಗೆ ಬರೆಯಿರಿ. ಐದನೇ ಅಂಕಿ ಅಂದರೆ ಸುಮಾರು ಒಂದು ಮೀಟರ್. ನಾಲ್ಕಕ್ಕೆ ನಿಲ್ಲಿಸಿದರೆ ಮನೆ ಹನ್ನೊಂದು ಮೀಟರ್ ಆಚೀಚೆ ಹೋಗಿ ಕೆರೆಗೂ ಬೀಳಬಹುದು.

ಅಳತೆ

ಸಾಮಾನು ಜಾಸ್ತಿ ಬೇಡ. 30 ಮೀಟರ್ ಟೇಪ್, 5 ಮೀಟರಿನ ಸ್ಟೀಲ್ ಟೇಪ್, ಲೇಸರ್ ಅಳತೆಯಂತ್ರ ಇದ್ದರೆ ಒಳ್ಳೆಯದು, ತೂಗುಗುಂಡು, ಹತ್ತು ಮೀಟರ್ ಪಾರದರ್ಶಕ ನೀರಿನ ಪೈಪ್, ಗ್ರಾಫ್ ಹಾಳೆ, ಟಾರ್ಚ್. ದಿಕ್ಸೂಚಿ ನೋಡುವಾಗ ಕಬ್ಬಿಣದ ಸರಳು, ಗೋಡೆಯ ಕೋವಿ ಇವುಗಳಿಂದ ದೂರ ಅಂಗಳಕ್ಕೆ ಬನ್ನಿ. ಕೊಡಗಿನ ಮನೆಯಲ್ಲಿ ಕೋವಿ ಇಲ್ಲದ ಗೋಡೆ ಹುಡುಕುವುದಕ್ಕಿಂತ ಅಂಗಳಕ್ಕೆ ಬರುವುದೇ ಸುಲಭ.

ಮೊದಲ ಅರ್ಧ ಗಂಟೆ ಏನನ್ನೂ ಅಳೆಯಬೇಡಿ. ಸುಮ್ನೆ ಮನೆಯನ್ನು ಒಂದು ಸುತ್ತು ಹೊರಗೆ, ಒಂದು ಸುತ್ತು ಒಳಗೆ ನಡೆಯಿರಿ. ಆಮೇಲೆ ಕೂತು ಕಣ್ಣಳತೆಯಲ್ಲಿ ಇಡೀ ಮನೆಯ ಸ್ಕೆಚ್ ಹಾಕಿ. ದೊಡ್ಡದಾಗಿ ಹಾಕಿ, ಅಂಕಿ ಬರೆಯಲು ಜಾಗ ಬೇಕಲ್ಲ. ಕೋಣೆಗೆ ಒಂದೊಂದು ನಂಬರ್ ಕೊಡಿ.

ಗೋಡೆ ಅಳೆಯುವಾಗ ತುಂಡು ತುಂಡು ಮಾಡಿ ಅಳೆಯಬೇಡಿ. ಒಂದು ಮೂಲೆಯಲ್ಲಿ ಟೇಪಿನ ಸೊನ್ನೆ ಇಟ್ಟು, ಟೇಪನ್ನು ಕೊನೆವರೆಗೆ ಹಾಸಿ, ಕಿಟಕಿ ಶುರು ಇಷ್ಟಕ್ಕೆ, ಕಿಟಕಿ ಮುಗಿದದ್ದು ಇಷ್ಟಕ್ಕೆ, ಬಾಗಿಲು ಇಷ್ಟಕ್ಕೆ ಅಂತ ಒಂದೇ ಓಟದಲ್ಲಿ ಓದಿ. ತುಂಡು ಅಳತೆಯಲ್ಲಿ ಪ್ರತಿ ಸಲ ಅರ್ಧ ಇಂಚು ತಪ್ಪಿದರೆ ಹತ್ತು ತುಂಡಿಗೆ ಐದು ಇಂಚು ಹೋಯಿತು. ಜಮೀನಿನಲ್ಲಿ ಐದು ಇಂಚಿಗೆ ಅಣ್ಣ ತಮ್ಮ ಕೋರ್ಟಿಗೆ ಹೋದದ್ದು ನೋಡಿದ್ದೇನೆ.

ಎಲ್ಲ ಕೋಣೆಯಲ್ಲೂ ಎರಡು ಮೂಲೆಗೆರೆ, ಅಂದರೆ ಮೂಲೆಯಿಂದ ಎದುರು ಮೂಲೆಗೆ ಇರುವ ದೂರ, ಅಳೆಯಲೇಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಅಗಲ 12 ಅಡಿ, ಉದ್ದ 16 ಅಡಿ ಕೋಣೆ ಸರಿ ಮೂಲೆಯಲ್ಲಿದ್ದರೆ ಎರಡು ಮೂಲೆಗೆರೆಯೂ 20 ಅಡಿ ಬರಬೇಕು. ನಾನು ಅಳೆದ ಒಂದು ಕೋಣೆಯಲ್ಲಿ ಒಂದು 20 ಅಡಿ 3 ಇಂಚು, ಇನ್ನೊಂದು 19 ಅಡಿ 9 ಇಂಚು. ಅಂದರೆ ಕೋಣೆ ಓರೆ. ಮೊದಲ ಮನೆಯಲ್ಲಿ ನನಗೆ ಈ ಬುದ್ಧಿ ಇರಲಿಲ್ಲ. ಎಲ್ಲ ಮೂಲೆಯೂ ನೇರ ಅಂದುಕೊಂಡು ಮನೆಗೆ ಬಂದು ನಕ್ಷೆ ಹಾಕಿದರೆ ಕೊನೆಯ ಗೋಡೆ ಮೊದಲ ಗೋಡೆಗೆ ಸೇರಲೇ ಇಲ್ಲ. ಜಮೀನಿನಲ್ಲಿ ತ್ರಿಕೋನ ಮಾಡದೆ ಒಂದು ಗದ್ದೆಯನ್ನೂ ಅಳೆಯದ ನಾನು, ಗೋಡೆ ಕಂಡ ಕೂಡಲೇ ಅದನ್ನು ಮರೆತಿದ್ದೆ.

ಎರಡನೇ ತಪ್ಪು ಗೋಡೆಯ ದಪ್ಪ. ಒಳಗಿನ ಕೋಣೆಗಳನ್ನೆಲ್ಲ ಕೂಡಿಸಿದರೆ ಹೊರಗಿನ ಅಳತೆಗಿಂತ ಸುಮಾರು ಆರು ಅಡಿ ಕಡಿಮೆ ಬಂತು. ಮಣ್ಣಿನ ಗೋಡೆ ಒಂದೂವರೆ ಅಡಿ ಇದ್ದರೆ ನಾಲ್ಕು ಗೋಡೆಗೆ ಆರು ಅಡಿ, ಲೆಕ್ಕ ಸರಿಯಾಗಿಯೇ ಇದೆ. ಬಾಗಿಲ ಬಳಿ ಪ್ರತಿ ಗೋಡೆಯ ದಪ್ಪ ಅಳೆಯಿರಿ. ಎಲ್ಲೋ ಒಂದು ಗೋಡೆ ಮಾತ್ರ ತೆಳ್ಳಗಿದ್ದರೆ ಅಲ್ಲಿ ನಿಲ್ಲಿ, ಅದು ಆಮೇಲೆ ಎಬ್ಬಿಸಿದ್ದಿರಬಹುದು. ಪಾಲು ಆದಾಗ, ಹೊಸ ಸೊಸೆ ಬಂದಾಗ, ಅಡುಗೆಮನೆ ಬೇರೆ ಆದಾಗ ಇಂಥ ಗೋಡೆ ಏಳುತ್ತವೆ. ಪೆನ್ಸಿಲ್ ತೆಗೆಯಿರಿ.

ನಡುವಿನ ತೆರೆದ ಮುತ್ತ ಇರುವ ಮನೆಯಲ್ಲಿ ಮುತ್ತದಿಂದಲೇ ಶುರು ಮಾಡಿ. ಅದರ ನಾಲ್ಕು ಬದಿ, ಎರಡು ಮೂಲೆಗೆರೆ ಸರಿಯಾಗಿ ಕೂತರೆ ಸುತ್ತಲಿನ ಕೋಣೆಗಳನ್ನು ಅದಕ್ಕೆ ಕಟ್ಟುತ್ತಾ ಹೋಗಬಹುದು. ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಹಿಡಿದರೆ ನೆಲದ ಏರುಪೇರು ತಿಳಿಯುತ್ತದೆ. ಮುತ್ತದ ನೀರು ಯಾವ ತೂಬಿನಿಂದ ಹೊರಗೆ ಹೋಗುತ್ತದೆ ನೋಡಿ ಬರೆಯಿರಿ. ಕಂಬದ ಪಕ್ಕ ತೂಗುಗುಂಡು ಇಳಿಬಿಟ್ಟು ಮೇಲೆ ಎಷ್ಟು, ಕೆಳಗೆ ಎಷ್ಟು ಅಂತ ಅಳೆದರೆ ಕಂಬ ಎಷ್ಟು ವಾಲಿದೆ ಗೊತ್ತಾಗುತ್ತದೆ. ಆ ಅಂಕಿಯ ಪಕ್ಕ ತಾರೀಕು ಹಾಕಿ. ಮೂರು ವರ್ಷದ ನಂತರ ಮತ್ತೆ ಅಳೆದಾಗಲೇ ಅದಕ್ಕೆ ಬೆಲೆ.

ಮನೆಗೆ ಬಂದು 1:50ರ ಅಳತೆಯಲ್ಲಿ ಬರೆಯಿರಿ. 15 ಮೀಟರಿನ ಮನೆ 30 ಸೆಂಟಿಮೀಟರ್ ಆಗುತ್ತದೆ, ಎ3 ಹಾಳೆಯಲ್ಲಿ ಕೂರುತ್ತದೆ. ಅಡಿಯೋ ಮೀಟರೋ ಒಂದನ್ನೇ ಹಿಡಿಯಿರಿ. ಅಳೆದ ದಿನವೇ ರಾತ್ರಿ ನಕ್ಷೆ ಹಾಕಿದರೆ ಬಿಟ್ಟುಹೋದ ಅಳತೆಗೆ ಬೆಳಗ್ಗೆ ಮತ್ತೆ ಹೋಗಬಹುದು. ವಾರ ಬಿಟ್ಟರೆ ನಿಮ್ಮ ಕೈಬರಹ ನಿಮಗೇ ಅರ್ಥ ಆಗಲ್ಲ.

ಫೋಟೊ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರಿಗೂ ಅಭ್ಯಾಸ ಇದೆ. ನಾಲ್ಕು ದಿಕ್ಕಿನಿಂದ ಇಡೀ ಮನೆ, ಪ್ರತಿ ಕೋಣೆಯ ಎದುರುಬದುರು ಮೂಲೆಯಿಂದ ಎರಡು, ಆಮೇಲೆ ಕೆತ್ತನೆ, ಬೋದಿಗೆ, ಬೀಗ, ಬಿರುಕು. ಕೆತ್ತನೆಯ ಪಕ್ಕ ಸ್ಕೇಲ್ ಇಡಿ. ಫೋನಿನ ಅಗಲ ಲೆನ್ಸ್ ಬೇಡ, ನೆಟ್ಟಗಿನ ಕಂಬವೂ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಎಲ್ಲಿ ನಿಂತು ಯಾವ ಕಡೆ ತೆಗೆದದ್ದು ಅಂತ ಸ್ಕೆಚ್ಚಿನಲ್ಲಿ ಬಾಣದ ಗುರುತು ಹಾಕಿ ಫೋಟೊ ನಂಬರ್ ಬರೆಯಿರಿ. ಬೇಸರದ ಕೆಲಸ. ಮಾಡಲೇಬೇಕು.

ಮನೆಯವರ ಮಾತು, ಮಳೆಯ ಮಾತು

ಹೆಸರುಗಳನ್ನು ಮನೆಯವರು ಹೇಳಿದ ಹಾಗೆಯೇ ಬರೆಯಿರಿ. ಕೈಯಾಲೆಯನ್ನು ವರಾಂಡ ಅಂತ, ನೆಲ್ಲಕ್ಕಿ ನಡುಬಾಡೆಯನ್ನು ಹಾಲ್ ಅಂತ ಬರೆದರೆ ಅರ್ಧ ಮನೆ ಅಲ್ಲೇ ಕಳೆದುಹೋಯಿತು. ಕೊಡವರ ಮನೆಯ ಮಾತು ಬೇರೆ, ಅರೆಭಾಷೆ ಆಡುವ ಗೌಡರ ಐನ್‌ಮನೆಯ ಮಾತು ಬೇರೆ. ಒಂದರ ಹೆಸರನ್ನು ಇನ್ನೊಂದಕ್ಕೆ ಅಂಟಿಸಬೇಡಿ. ಮರದ ಹೆಸರು ಕೇಳಿದರೆ ಎಲ್ಲರೂ "ಬೀಟೆ" ಅನ್ನುತ್ತಾರೆ, ಮರ್ಯಾದೆ ಪ್ರಶ್ನೆ ನೋಡಿ. ಊರಿನ ಹಳೆಯ ಆಚಾರಿಯನ್ನು ಕರೆದು ತೋರಿಸಿದರೆ ಹಲಸು, ನಂದಿ ಅಂತ ಬಿಡಿಸಿ ಹೇಳುತ್ತಾರೆ.

ಈಗ ಕಕ್ಕಡದ ವಿಷಯ. ಮಾರ್ಚ್‌ನಲ್ಲಿ ಎಲ್ಲ ಮನೆಯೂ ಗಟ್ಟಿಮುಟ್ಟಾಗಿ ಕಾಣುತ್ತದೆ. ಜುಲೈ ಕೊನೆಯಲ್ಲಿ ಜಿಗಣೆ ಕೊಡವಿಕೊಂಡು ಹೋಗಿ ನಿಂತರೆ ನಿಜ ಗೊತ್ತಾಗುತ್ತದೆ. ಎರಡು ಮಾಡು ಸೇರುವ ಕಣಿವೆಯಲ್ಲಿ ನೀರು ಎಲ್ಲಿ ಉಕ್ಕುತ್ತದೆ, ಯಾವ ತೊಲೆಯ ತುದಿ ಒದ್ದೆ, ಯಾವ ಗೋಡೆಯ ಬುಡ ಕಪ್ಪು. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿದ ಕಡೆ ವಿಶೇಷವಾಗಿ ನೋಡಿ. ಸುಣ್ಣದ ಗಾರೆಯಲ್ಲಿ ಒಳಗಿನ ತೇವ ಆರಿ ಹೋಗುತ್ತದೆ, ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಗಿನಿಂದ ಚಂದ, ಒಳಗೆ ಮಣ್ಣು ಮೆತ್ತಗೆ. ಬೆರಳಿನಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಆ ಜಾಗವನ್ನು ನಕ್ಷೆಯಲ್ಲಿ ಗೆರೆ ಹಾಕಿ ಗುರುತಿಸಿ. ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಎಷ್ಟು ಎತ್ತರಕ್ಕೆ ಹತ್ತಿದೆ ಅಳೆಯಿರಿ.

ಇಸವಿಯ ಆಸೆ

ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಮನೆಗೆ ಎಷ್ಟು ವರ್ಷ? ಒಂದೇ ಇಸವಿ ಕೊಡಬೇಡಿ. ಮಡಿಕೇರಿ ಕೋಟೆಯನ್ನೇ ನೋಡಿ. ಕೊಡಗಿನ ಅರಸ ಮುದ್ದುರಾಜ ಮೊದಲು ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು. ಅರಮನೆಯನ್ನು 1812ರಿಂದ 1814ರ ಹೊತ್ತಿಗೆ ಮತ್ತೆ ಕಟ್ಟಿಸಿದವನು ಲಿಂಗರಾಜೇಂದ್ರ. ಒಳಗಿನ ಚರ್ಚು ಬ್ರಿಟಿಷರ ಕಾಲದ್ದು, 1855ರದ್ದು, ಈಗ ಅಲ್ಲಿ ಮ್ಯೂಸಿಯಂ. ಗಡಿಯಾರ ಗೋಪುರ 1933ರದ್ದು. ಕೋಟೆಗೆ ಎಷ್ಟು ವರ್ಷ ಅಂದರೆ ಯಾವ ಕಲ್ಲನ್ನು ಮುಟ್ಟಿ ಕೇಳುತ್ತಿದ್ದೀರಿ ಅಂತ ತಿರುಗಿ ಕೇಳಬೇಕು. ಹಾಗೆಯೇ ಶೈಲಿಯ ಹೆಸರು ಬರೆಯಲು ಅವಸರ ಬೇಡ. 1820ರ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ಮೂಲೆಗಳಲ್ಲಿ ಪುಟ್ಟ ಗೋಪುರಗಳು. ಕಂಡದ್ದನ್ನು ಬರೆಯಿರಿ ಸಾಕು.

ಶಾಸನವೋ ವೀರಗಲ್ಲೋ ಸಿಕ್ಕರೆ ಸೀಮೆಸುಣ್ಣ, ಅರಿಶಿನ ತುಂಬಿ ಓದಲು ಹೋಗಬೇಡಿ, ತಂತಿಬ್ರಷ್ ಅಂತೂ ಬೇಡವೇ ಬೇಡ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ, ಅಕ್ಷರ ಎದ್ದು ಬರುತ್ತದೆ. ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ನೋಡಿ. ಅದು ಕೊಡಗಿನದ್ದೇ. ಅದರಲ್ಲಿ ಆಗಲೇ ಬಂದಿರಬಹುದು.

ಯಾರಿಗೆ ಕೊಡುವುದು

ಬರೆದಿಡುವುದು ಬೇರೆ, ಸಂರಕ್ಷಿತ ಸ್ಮಾರಕ ಅಂತ ಘೋಷಿಸುವುದು ಬೇರೆ. ಇದನ್ನು ಮನೆಯವರಿಗೆ ಎರಡು ಸಲ ಹೇಳಿ. ಕೇಂದ್ರದ 1958ರ ಕಾಯ್ದೆಗೆ ಕಟ್ಟಡ ನೂರು ವರ್ಷ ದಾಟಿರಬೇಕು. ಘೋಷಿಸುವ ಮೊದಲು ಎರಡು ತಿಂಗಳ ನೋಟಿಸ್ ಇರುತ್ತದೆ, ಆಕ್ಷೇಪಣೆ ಹೇಳಬಹುದು. ಎಲ್ಲರೂ ಹೆದರುವ ಆ 100 ಮೀಟರ್ ನಿಷೇಧ, ಅದರಾಚೆಯ 200 ಮೀಟರ್ ನಿಯಂತ್ರಣ 2010ರ ತಿದ್ದುಪಡಿಯಲ್ಲಿ ಗಟ್ಟಿಯಾದದ್ದು. ಅದು ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ ಮಾತ್ರ. ನೀವು ನಕ್ಷೆ ಹಾಕಿದ ಮಾತ್ರಕ್ಕೆ ಯಾರ ಕಣವೂ ನಿಷೇಧಿತ ಪ್ರದೇಶ ಆಗುವುದಿಲ್ಲ. ರಾಜ್ಯಕ್ಕೆ 1961ರ ತನ್ನದೇ ಕಾಯ್ದೆ ಇದೆ. 1792ರ ನಾಲ್ಕುನಾಡು ಅರಮನೆ ಅಂಥದ್ದರ ಉದಾಹರಣೆ, ಅದು ರಾಜ್ಯ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಕಕ್ಕಬ್ಬೆ ಕಡೆ ಹೋದರೆ ನೋಡಿ ಬನ್ನಿ, ಮರದ ಕೆಲಸ ನೋಡಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಟೇಪ್ ಹಿಡಿಯಬೇಕಾದರೆ ಮಾತ್ರ ಇಲಾಖೆಯ ಅನುಮತಿ ಬೇಕು.

ಮನೆಯವರು ಒಪ್ಪಿದರೆ ಒಂದು ಪ್ರತಿ ಮೈಸೂರಿನ ಇಲಾಖೆಗೆ, ಒಂದು ಪ್ರತಿ ಪರಂಪರೆಯ ಕಟ್ಟಡಗಳನ್ನು ಉಳಿಸಲು ದುಡಿಯುವ ಸಂಸ್ಥೆ ಇಂಟ್ಯಾಕ್‌ನವರಿಗೆ ಕೊಡಿ. 1984ರಿಂದ ಅವರು ಹಳೆಯ ಕಟ್ಟಡಗಳ ಪಟ್ಟಿ ಮಾಡುತ್ತಿದ್ದಾರೆ. ಆ ಪಟ್ಟಿಗೆ ಕಾನೂನಿನ ಬಲ ಇಲ್ಲ, ಆದರೆ ರಸ್ತೆ ಅಗಲ ಮಾಡುವವರ ಮುಂದೆ ಇಡಲು ಒಂದು ಕಾಗದ ಅಂತೂ ಇರುತ್ತದೆ.

ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಕೆತ್ತಿದ ಬಾಗಿಲು, ಕಂಬ, ತೂಗುದೀಪಕ್ಕೆ ಗಿರಾಕಿಗಳು ಕಾದು ಕೂತಿದ್ದಾರೆ. ನಾನು ಅಳೆದ ಒಂದು ಖಾಲಿ ಮನೆಗೆ ಎರಡನೇ ಸಲ ಹೋದಾಗ ಬಾಗಿಲ ಚೌಕಟ್ಟು, ಅಂದರೆ ದಾರಂದ, ಇದ್ದ ಜಾಗದಲ್ಲಿ ತೂತು ಇತ್ತು. ನೂರು ವರ್ಷ ದಾಟಿದ ಕಟ್ಟಡದಿಂದ ಕಿತ್ತ ವಸ್ತುವೂ 1972ರ ಕಾಯ್ದೆಯಲ್ಲಿ ಪುರಾತನ ವಸ್ತುವೇ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ನಿಮ್ಮ ಫೋಟೊ, ನಿಮ್ಮ ಅಳತೆ ಇದ್ದರೆ ಪೊಲೀಸರಿಗೆ ತೋರಿಸಲು ಏನೋ ಇದೆ.

ಕೊನೆಯ ಪ್ರತಿ ಮನೆಯವರಿಗೆ. ಫೈಲಲ್ಲಿ ಅಲ್ಲ, ದೊಡ್ಡ ಹಾಳೆಯಲ್ಲಿ. ನಾಪೋಕ್ಲು ಕಡೆಯ ಆ ಮನೆಗೆ ಒಯ್ದಾಗ ಅಲ್ಲಿನ ಅಜ್ಜಿ ನಕ್ಷೆಯನ್ನು ಐಮರದ ಮೇಲೆ ಹಾಸಿ, ತಲೆಕೆಳಗು ಮಾಡಿ, ಅಡುಗೆಮನೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಬೆರಳಿಟ್ಟು ಕೋಣೆ ಕೋಣೆ ನಡೆದರು. ಒಂದು ಕಡೆ ಬೆರಳು ನಿಂತಿತು.

"ಬೆಕ್ಕಿನ ಕಿಂಡಿ ಎಲ್ಲಿ ಮಗಾ?"

"ಯಾವ ಕಿಂಡಿ ಅಜ್ಜಿ?"

"ಪತ್ತಾಯದ ಕೋಣೆ ಬಾಗಿಲಲ್ಲಿ. ಇಲಿ ಹಿಡಿಯಲು ಬೆಕ್ಕು ಹೋಗುತ್ತಿತ್ತು. ನಾನು ಮದುವೆಯಾಗಿ ಬಂದಾಗ ಇತ್ತು."

ನಾನು ಆ ಬಾಗಿಲನ್ನು ಎರಡು ಸಲ ಅಳೆದಿದ್ದೆ, ಕಿಂಡಿ ಇರಲಿಲ್ಲ. ಆದರೂ ಪೆನ್ಸಿಲ್‌ನಲ್ಲಿ ಒಂದು ಚೌಕ ಹಾಕಿ "ಅಜ್ಜಿ ಹೇಳಿದ್ದು" ಅಂತ ಬರೆದೆ. ಅವರಿಗೆ ಸಮಾಧಾನ ಆಗಲಿಲ್ಲ, ಕೋಲೂರಿಕೊಂಡು ಎದ್ದರು. ಬಾಗಿಲ ಹಿಂದೆ ಕೆಳಗಡೆ, ಭತ್ತದ ಚೀಲ ಸರಿಸಿದ ಮೇಲೆ, ನಾಲ್ಕು ಮೊಳೆ ಹೊಡೆದ ಒಂದು ತುಂಡು ಹಲಗೆ. ಅಗಲ 6 ಇಂಚು, ಎತ್ತರ 7. ಪೆನ್ನು ಜೀಪಿನಲ್ಲಿತ್ತು, ತರಲು ಹೋದೆ.